ಕುಣಿಯುವ ಮದರ್

ದುಬೈಯ ಕರಾಮದ ಸ್ಟಾಪಿನಲ್ಲಿ ಬಾರದ ಬಸ್ಸಿಗೆ ಶಾಪ ಹಾಕುತ್ತ ನಿಂತಿದ್ದೆ. ಪಕ್ಕದಲ್ಲಿ ನರ್ಸ್ ಅಗಾತಾ, ಅವರ ಗೆಳತಿ ವಾರಿಜಾ. ಮರುದಿನ ಅಗಾತಾರ ಮಗಳ ರೋಸ್, ಅಂದರೆ ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ.

“ಎಲ್ಲರೂ ಕುಣೀಲಿ, ನಾನಿಲ್ಲ. ತಾಯಿಯೇ ಕುಣಿದ್ರೆ ಜನ ಎಂತ ಹೇಳ್ತಾರೆ?”

“ಅಗಾತಾ ಬಾಯಿ, ನಿನ್ನೆ ಟಿವಿಯಲ್ಲಿ ನೋಡಿದೆ. ಹಿಂದೆ ಇಂಗ್ಲೆಂಡಲ್ಲಿ ಶೇಕರ್ ಅನ್ನೋ ಕ್ರೈಸ್ತ ಪಂಥ ಕಟ್ಟಿದ ಆ್ಯನ್ ಲೀ ಅಂತ ಇದ್ಳು, ಕಮ್ಮಾರನ ಮಗಳು. ಮೈ ನಡುಗಿಸಿ ಕುಣಿಯೋದೇ ಅವರ ಪ್ರಾರ್ಥನೆ. ಜೈಲಿಗೆ ಹಾಕಿದ್ರೂ ಬಿಡಲಿಲ್ಲ. ಅವಳನ್ನು ಕರೀತಿದ್ದದ್ದೇ ಮದರ್ ಅಂತ!”

“ಮದರೇ ಕುಣಿದದ್ದಾ? ಖಲಾಸ್, ನಾನೂ ಕುಣೀತೇನೆ!”

“ಆದ್ರೆ ಅವಳು ಮದುವೆಯೇ ಬೇಡ ಅಂತಿದ್ಳು.”

“ಶ್! ಮಗಳಿಗೆ ಹೇಳ್ಬೇಡ ಮಾರಾಯ್ತಿ. ಹಾಲ್ ಬುಕ್ ಆಗಿದೆ, ತೆಂಗಿನ ಹಾಲಿಗೂ ಹೇಳಿ ಆಗಿದೆ!”

ಬಸ್ಸು ಬಂತು. ಅಗಾತಾ ಸೊಂಟ ಕುಣಿಸುತ್ತಲೇ ಹತ್ತಿದರು.