ಎಡಗಡೆಯ ಗಾಲಿ

ಬಾಗಿಲು ಮುಂದಕ್ಕೆ ಮಾಡಿ ಬನ್ನಿ. ಅಗಳಿ ಹಾಕಿ. ಇದು ಜೋರಾಗಿ ಹೇಳುವ ಮಾತಲ್ಲ... ಹಂಪಮ್ಮ ಇನ್ನೂ ಬದುಕಿದ್ದಾಳೆ, ಈ ಗೋಡೆಯಾಚೆಯೇ ಮಲಗುತ್ತಾಳೆ.

ಆದದ್ದು ಅವಳ ಮೈದುನ ವಿರೂಪಣ್ಣನಿಗೆ, ಇದೇ ಕಲ್ಲೂರಿನಲ್ಲಿ. ನಿಜಾಮರ ಕಾಲ. ದೊಡ್ಡ ಯುದ್ಧ ಆಗತಾನೇ ಮುಗಿದಿತ್ತು, ಟೈರು ಅನ್ನುವುದು ಕಣ್ಣಿಗೂ ಬೀಳುತ್ತಿರಲಿಲ್ಲ. ಒಂದು ರಾತ್ರಿ ಮಾನ್ವಿಯ ಮೋಟಾರು ಬಸ್ಸು ಅವನನ್ನು ದೊಡ್ಡ ರಸ್ತೆಯಲ್ಲೇ ಇಳಿಸಿ ಹೋಯಿತು. ಹಾಳುಬಾವಿಯ ದಾರಿ ಹಿಡಿದು, ಒಂದು ಲಾರಿಗಾಲಿ ಉರುಳಿಸಿಕೊಂಡು ಅವನು ಮನೆಗೆ ಹೊರಟ. ಒಂದೇ ಗಾಲಿ. ಯಾಕೆ ಒಂದೇ ಅನ್ನುವುದನ್ನು ಮೊದಲು ಕೇಳಿ.

ವಿರೂಪಣ್ಣನಿಗೂ ಅವನ ಅಣ್ಣ ಜಂಬಣ್ಣನಿಗೂ ಸೇರಿ ಒಂದು ಸಣ್ಣ ಲಾರಿ ಇತ್ತು. ಮುಂದೆ ಇಬ್ಬರು ಕೂಡುವಷ್ಟು ಜಾಗ, ಹಿಂದೆ ತೆರೆದ ಹಲಗೆ. ದೇವದುರ್ಗದ ಹತ್ತಿ ರಾಯಚೂರಿಗೆ ಸಾಗಿಸುತ್ತಿದ್ದರು. ಆಮೇಲೆ ಪಾಲಿನ ಜಗಳ ಹತ್ತಿತು. ಅಂಗಳದ ನಡುವೆ ಗೋಡೆ ಎದ್ದಿತು. ಲಾರಿಗೆ ಗೋಡೆ ಹಾಕಲು ಬರುತ್ತದೆಯೇ? ಈ ಪುಣ್ಯಾತ್ಮರು ಅದನ್ನೂ ಮಾಡಿದರು. ಚಕ್ರ ಹಿಡಿದು ನಡೆಸುವವನು ವಿರೂಪಣ್ಣ, ಆದ್ದರಿಂದ ಬಲಗಡೆಯ ಗಾಲಿಗಳು ಅವನವು. ಪಕ್ಕದಲ್ಲಿ ಕೂಡುವ ಜಂಬಣ್ಣನಿಗೆ ಎಡಗಡೆಯವು. ನಗಬೇಡಿ, ಊರ ಪಂಚರ ಮುಂದೆ ಹಾಗೇ ತೀರ್ಮಾನವಾಗಿತ್ತು. ಹಿಂದಿನ ಎರಡೂ ಟೈರು ಸವೆದು ನೂಲು ಕಂಡಾಗ ಆ ಗಾಲಿಗಳನ್ನು ಬಿಚ್ಚಿ ಲಾರಿಯನ್ನು ಕಲ್ಲಿನ ಮೇಲೆ ನಿಲ್ಲಿಸಿದರು. ನೀನು ಮೊದಲು ತಾ, ನೀನು ಮೊದಲು ತಾ ಅಂತ ಗೋಡೆಯ ಎರಡೂ ಕಡೆಯಿಂದ ಬೈದಾಟ.

ಕೊನೆಗೆ ವಿರೂಪಣ್ಣ ರಾಯಚೂರಿನ ಮುನ್ನೀ ಬೀಯ ಗುಜರಿ ಅಂಗಳಕ್ಕೆ ಹೋದ. ತೇಪೆ ಹಾಕಿದ ಟೈರುಗಳಿದ್ದವು. ಹೆಬ್ಬೆರಳಿಂದ ಒತ್ತಿದರೆ ಬಿರುಕು ಬಾಯಿ ತೆರೆಯುತ್ತಿತ್ತು. ಮಿಲಿಟರಿ ಗಾಲಿಗಳಿದ್ದವು; ನಟ್ಟಿನ ತೂತು ಕೂಡಲಿಲ್ಲ. ಮೂಲೆಯಲ್ಲಿ ಒಂದು ಜೋಡಿ ಇತ್ತು, ತೂತುಗಳಿಗೆ ಸರಪಳಿ ಹಾಕಿ ಬೀಗ ಜಡಿದದ್ದು. ಟೈರಿನ ಗೀರು ಇನ್ನೂ ಆಳವಾಗಿತ್ತು, ತೂತು ಸರಿಯಾಗಿ ಕೂಡುತ್ತಿತ್ತು. ಕಬ್ಬಿಣದ ಸಲಾಕೆಯಿಂದ ಬಡಿದರೆ ಠಣ್... ಎಲ್ಲೂ ಒಡಕಿಲ್ಲ.

ಮುನ್ನೀ ಬೀ ಮುಚ್ಚುಮರೆ ಮಾಡಲಿಲ್ಲ. ದೇವದುರ್ಗದಾಚೆ ಕೃಷ್ಣೆಯಲ್ಲಿ ಮುಳುಗಿದ ಲಾರಿಯ ಗಾಲಿಗಳು ಇವು ಎಂದಳು. ಅದರಲ್ಲಿದ್ದವರೂ ಅಣ್ಣತಮ್ಮಂದಿರೇ. ಒಬ್ಬ ಈಜಿ ದಡ ಸೇರಿದ, ಇನ್ನೊಬ್ಬನಿಗೆ ಕೈ ಕೊಡಲಿಲ್ಲವಂತೆ. ಅವನ ಹೆಣ ಕೂಡ ಸಿಗಲಿಲ್ಲ.

"ಜೋಡಿ ಒಡೀಬ್ಯಾಡ್ರಿ, ಸಾವ್ಕಾರ್ರ. ಕೂಡಿ ದುಡದ ಎತ್ತು ಅಗಲಸ್ತೀರೇನ್ರಿ? ತಗೊಂಡ್ರ ಎರಡೂ ತಗೋರಿ, ಇಲ್ಲಾಂದ್ರ ಎರಡೂ ಬಿಡ್ರಿ."

"ಎಡಗಡಿದು ನಮ್ಮಣ್ಣಂದು. ಅವಂದು ನಾ ಯಾಕ ತರ್ಲಿ?"

ಹಟ ಹಿಡಿದು ಒಂದನ್ನೇ ಕೊಂಡ. ಅದೂ ಚೆನ್ನಾಗಿದ್ದದ್ದನ್ನು. ಉಳಿದದ್ದಕ್ಕೆ ಮುನ್ನೀ ಬೀ ಮತ್ತೆ ಸರಪಳಿ ಹಾಕಿ ಬೀಗ ಜಡಿದಳು.

ಈಗ ಬಾವಿಗೆ ಬನ್ನಿ... ಗೀರಿನಲ್ಲಿ ಒಂದು ಕಲ್ಲಿನ ಹರಳು ಸಿಕ್ಕಿಕೊಂಡಿತ್ತು. ಗಾಲಿ ಸುತ್ತಿದಾಗೊಮ್ಮೆ ಟಕ್... ಟಕ್... ಆ ಸದ್ದು ತಲೆ ತಿನ್ನತೊಡಗಿತು. ಬಾವಿಕಟ್ಟೆಯ ಹತ್ತಿರ ನಿಂತು ಹರಳನ್ನು ಉಗುರಿನಿಂದ ಕಿತ್ತು ಬಾವಿಗೆ ಎಸೆದ. ಡುಬುಕ್ ಅಂದಿತು. ಮತ್ತೆ ಉರುಳಿಸಿದ.

ಟಕ್...

ಹಿಂದಿನಿಂದ.

ನಿಂತ. ಅದೂ ನಿಂತಿತು. ನಾಲ್ಕು ಹೆಜ್ಜೆ ನಡೆದ. ಪಿಚಕ್... ಟಕ್... ಪಿಚಕ್... ಟಕ್... ಒದ್ದೆ ರಬ್ಬರು ಮಣ್ಣಿಗೆ ಅಂಟಿ ಬಿಡುವ ಸದ್ದು. ಕೆಸರಿನ ವಾಸನೆ ಬಂತು, ಹೊಳೆಯ ಕೆಸರು. ನಮ್ಮೂರಲ್ಲಿ ಹೊಳೆ ಎಲ್ಲಿದೆ? ವಿರೂಪಣ್ಣನಿಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಕಿವಿಯ ಹತ್ತಿರವೇ ಯಾರೋ ಪಿಸುಗುಟ್ಟಿದರು.

"ಬಲಗಡಿದು ಯಾರ್ದು?"

"ನಂದು..."

"ಎಡಗಡಿದು?"

ಗೊತ್ತಿಲ್ಲ ಅನ್ನಬಹುದಿತ್ತು. ಎರಡೂ ನನ್ನವೇ ಅನ್ನಬಹುದಿತ್ತು. ಆದರೆ ಅಷ್ಟು ಹೆದರಿಕೆಯಲ್ಲೂ ಅವನ ಹೊಟ್ಟೆಯೊಳಗಿನ ಕಿಚ್ಚು ಆರಿರಲಿಲ್ಲ. ಬಂದದ್ದು ಅಣ್ಣನ ಮೇಲೆ ಹೋಗಲಿ, ನನ್ನನ್ನು ಬಿಡಲಿ ಅನ್ನಿಸಿತು. ಅನ್ನಿಸಿದ್ದು ಬಾಯಿಗೆ ಬಂತು.

"ಎಡಗಡಿದು ನಮ್ಮಣ್ಣಂದು. ಜಂಬಣ್ಣ. ಆ ಗ್ವಾಡಿ ಕಡೀಗೆ ಇರ್ತಾನ."

ಪಿಚಕ್... ಟಕ್... ಸದ್ದು ಅವನ ಪಕ್ಕದಲ್ಲೇ ಹಾದು ಮುಂದೆ ಹೋಯಿತು. ಊರ ಕಡೆಗೆ. ಬರಬರುತ್ತ ಅದರ ಓಟ ಜೋರಾಯಿತು, ಇಳಿಜಾರಿನಲ್ಲಿ ಬಿಟ್ಟ ಗಾಲಿಯ ಹಾಗೆ.

ತಾನು ಏನು ಮಾಡಿದೆ ಅನ್ನುವುದು ಆಗ ಅವನಿಗೆ ತಿಳಿಯಿತು. ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದ ಅಣ್ಣ. ಗಾಲಿಯನ್ನು ಅಲ್ಲೇ ಕೆಡವಿ ಓಡಿದ. ತನ್ನ ಬಾಗಿಲಿನಿಂದ ಅಣ್ಣನ ಬಾಗಿಲಿಗೆ ಮೊದಲು ನಾಲ್ಕು ಹೆಜ್ಜೆ ಇತ್ತು, ಈಗ ಗೋಡೆ. ಬೀದಿ ಸುತ್ತಿಕೊಂಡು ಹೋದ. ಅತ್ತಿಗೆ ಹಂಪಮ್ಮ ಬಾಗಿಲು ತೆರೆದಿಟ್ಟುಕೊಂಡು, ದೀಪ ಹಿಡಿದು ನಿಂತಿದ್ದಳು. ಅಣ್ಣ ಎಲ್ಲಿ ಎಂದು ಕೇಳಿದ.

ಅವಳು ಅವನ ಮುಖವನ್ನೇ ನೋಡಿದಳು. "ಹೊರಗಿಂದ ನೀವ ಕರದ್ರೆಲ್ಲ... ಅಣ್ಣಾ, ಗಾಲಿ ತಂದೀನಿ, ಕೈ ಕೊಡು ಬಾ ಅಂತ. ಎಷ್ಟ್ ದಿವಸಕ್ಕ ಅಣ್ಣಾ ಅಂದ ನೋಡು ಅಂತ ಖುಷೀಲೇ ಎದ್ದು ಹ್ವಾದ್ರು."

ಜಂಬಣ್ಣ ಮರಳಿ ಬರಲಿಲ್ಲ. ಬಾವಿ ಜಾಲಾಡಿದರು, ಹೊಲ ಹುಡುಕಿದರು. ಹೆಣವೂ ಸಿಗಲಿಲ್ಲ. ಬೆಳಗ್ಗೆ ನೋಡಿದರೆ ಕಲ್ಲಿನ ಮೇಲಿದ್ದ ಲಾರಿಯ ಹಿಂದೆ, ಎಡಗಡೆಗೆ, ಒಂದು ಗಾಲಿ ಕೂತಿತ್ತು. ನಟ್ಟುಗಳು ಬಿಗಿಯಾಗಿದ್ದವು. ರಾಯಚೂರಿಗೆ ಹೋಗಿ ಬಂದವರು ಹೇಳಿದರು: ಮುನ್ನೀ ಬೀಯ ಸರಪಳಿಗೆ ಬೀಗ ಹಾಗೇ ಇತ್ತು, ಗಾಲಿ ಇರಲಿಲ್ಲ.

ನೀವೇ ಕರೆದಿರಿ, ನೀವೇ ಕರೆದಿರಿ ಎಂದು ಹಂಪಮ್ಮ ಇವತ್ತಿಗೂ ಅನ್ನುತ್ತಾಳೆ. ಕರೆದದ್ದು ನಾನಲ್ಲ ಅನ್ನಲು ವಿರೂಪಣ್ಣನಿಗೆ ಬಾಯಿ ಬರಲಿಲ್ಲ. ಅಂದರೆ ಬಾವಿಯ ಹತ್ತಿರ ಆಡಿದ ಮಾತನ್ನೂ ಹೇಳಬೇಕಲ್ಲ. ಸಾಯುವ ಮುಂಚೆ ನಮ್ಮಪ್ಪನೊಬ್ಬನ ಮುಂದೆ ಹೇಳಿಕೊಂಡ. ಅಪ್ಪ ನನಗೆ ಹೇಳಿದ.

ಸುಳ್ಳು ಅನ್ನುವವರು ನಾಳೆ ಬೆಳಕಿನಲ್ಲಿ ಹೋಗಿ ನೋಡಿ. ಲಾರಿ ಅಲ್ಲೇ ತುಕ್ಕು ಹಿಡಿದು ನಿಂತಿದೆ. ಎಡಗಡೆಯ ಆ ಗಾಲಿಯ ಕೆಳಗೆ ಕೈಯಿಡಿ. ಈ ಬೇಸಿಗೆಯಲ್ಲಿ ಊರೆಲ್ಲ ಕಾದ ಹಂಚಾಗಿದೆ. ಅಲ್ಲಿ ಅಂಗೈಯಗಲ ಮಣ್ಣು ಒದ್ದೆಯಾಗಿದೆ. ನಾನೇ ಮುಟ್ಟಿ ನೋಡಿದ್ದೇನೆ.