ಅಮ್ಮನ ಕಿವಿಯ ಮಿಷನ್ನು

ಪರವಾನಗಿ ಕಚೇರಿಯ ಸಾಲಿನಲ್ಲಿ ನಿಂತು ನಿಂತು ಕಾಲು ಸೋತಿದ್ದ ಕ್ಷೌರಿಕನಿಗೆ, ಮುಂದಿದ್ದ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅಕ್ಕ ಶಾಲೆಯ ಟೀಚರು. ಪಾಠ ಹೇಳುವ ಪರವಾನಗಿ ರದ್ದಾದ ಚೀಟಿಯನ್ನು ಮತ್ತೆ ಮತ್ತೆ ಓದುತ್ತಿದ್ದಳು.

“ಹೊಸ ಪುಸ್ತಕದ ತುಂಬಾ ಸುಳ್ಳು ಅಂತ ನಾನಂದಿದ್ದು ಅಡುಗೆಮನೇಲಿ ಕಣೇ. ಒಂದಕ್ಷರ ಬಿಡದೆ ಬರೆದಿದ್ದಾರೆ.”

“ಕೈಪಟ್ಟಿ ಕೇಳಿಸ್ಕೊಂಡಿರ್ಬೇಕು.” ತಂಗಿ ಮಣಿಕಟ್ಟಿನ ಸರ್ಕಾರಿ ಪಟ್ಟಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

“ನಮ್ಮಿಬ್ರ ಕೈಪಟ್ಟೀನೂ ಬಿಚ್ಚಿ ಹಿಟ್ಟಿನ ಡಬ್ಬೀಲಿ ಹೂತಿಟ್ಟೇ ಮಾತಿಗೆ ಕೂತಿದ್ದಲ್ವಾ? ಅಲ್ಲಿದ್ದಿದ್ದು ನಾನು, ನೀನು, ಅಮ್ಮ.”

ಅಕ್ಕ ಚೀಟಿಯಿಂದ ತಲೆಯೆತ್ತಿದಳು.

“ಅಮ್ಮನ ಕಿವಿಗೆ ಮಿಷನ್ನು ನೀನೇ ತಾನೇ ತಂದಿದ್ದು?”

“ಪುಕ್ಕಟೆ ಕೊಟ್ರು, ಅಕ್ಕ.”

“ಯಾಕೆ ಪುಕ್ಕಟೆ ಅಂತ ಕೇಳ್ಲಿಲ್ವಾ?”

“ಕೇಳ್ದೆ. ಹೇಳಿದ್ರು. ಮೊಮ್ಮಕ್ಕಳ ಮಾತು ಕೇಳ್ಸಲ್ಲ ಅಂತ ಅಮ್ಮ ಅಳ್ತಿದ್ಲು. ಸಹಿ ಹಾಕ್ಬಿಟ್ಟೆ.”

“ನನಗೊಂದು ಮಾತು ಹೇಳ್ಬಾರ್ದಿತ್ತಾ?”

“ಯಾರಿಗಾದ್ರೂ ಹೇಳಿದ್ರೆ ವಾಪಸ್ ತಗೋತೀವಿ ಅಂದಿದ್ರು.”

ಕಿಟಕಿಯವನು ನಂಬರು ಕೂಗಿದ. ಚೀಟಿ ಮಡಚಿಕೊಂಡು ಹೊರಟ ಅಕ್ಕ ಒಮ್ಮೆ ತಿರುಗಿದಳು.

“ಅಮ್ಮಂಗೆ ಈಗ ಎಲ್ಲಾ ಕೇಳ್ಸುತ್ತೆ. ಅವಳ ಹತ್ರ ಮಾತಾಡೋಕೆ ಮಾತ್ರ ಇನ್ನು ನೀನೊಬ್ಳೇ.”