ಗೂಡಿನ ಮೇಲಿನ ಟೊಂಗೆ

...ಅದಕ್ಕೇ ಹಳೆ ಡೈರಿ ತಂದೆ, ಬೀರಿ. ಬಾಯಿಮಾತು ಬೇಡ. ಕೇಳು. ‘೨೦೨೨, ಫೆಬ್ರುವರಿ ೩. ಬೆಳಿಗ್ಗೆ ಏಳೂ ಹತ್ತು. ಹಿತ್ತಲ ಮಾವಿನಮರದ ಗೂಡಲ್ಲಿ ಗರುಡನ ಮರಿ ಒಂದು. ಎಲೆ ಅಡ್ಡ ಬಂದು ಫೋಟೋ ಸರಿಯಾಗಲಿಲ್ಲ.’

ಕೂತ್ಕೊ ಮಾರಾಯ್ತಿ. ದೋಟಿ ಎಲ್ಲಿಗೂ ಹೋಗೂದಿಲ್ಲ, ಎರಡು ವರ್ಷದಿಂದ ಆ ಮೂಲೆಯಲ್ಲೇ ಇದೆ. ಕಾಯಿ ಕೊಯ್ಯಲು ತುದಿಗೆ ಕತ್ತಿ ಕಟ್ಟಿದ ನಿನ್ನ ಗಂಡ ಬೊಮ್ಮುವಿನ ದೋಟಿ ಇಟ್ಟುಕೊಂಡು ನಾನೆಂತ ಮಾಡಲಿ? ದಿನಕ್ಕೆ ಹತ್ತು ಸಲ ‘ಕಲಾವತಿ ಅಮ್ಮ’ ಅಂತಿದ್ದವಳು, ಇವತ್ತು ಸೀದಾ ದೋಟಿಗೇ ಕೈ ಹಾಕಿದೆಯಲ್ಲ.

ಬೊಮ್ಮುವೇ ಟೊಂಗೆ ಕಡಿದ ಅಂತ ನಾನು ಊರೆಲ್ಲ ಸಾರಿದೆನಾ? ಪಕ್ಕದ ಮನೆ ಜಯಂತಿ ಕೇಳಿದಳು, ಗೂಡಿನ ಮೇಲಿನ ಟೊಂಗೆ ಯಾರು ಕಡಿದದ್ದು ಅಂತ. ಭಾವಿಕೇರಿಯಲ್ಲಿ ಮರ ಹತ್ತುವವನು ಇನ್ಯಾರು ಅಂದೆ. ಅಷ್ಟೇ. ಯಾವತ್ತು ಕಡಿದದ್ದು ಅಂತ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಆ ಮಾತು ಮಂಜಗುಣಿ ದೇವಸ್ಥಾನದವರೆಗೆ ಹೋಯಿತು. ದೇವರ ವಾಹನದ ಮರಿ ಕೊಂದವನು ನಮ್ಮ ಹಿತ್ತಲಿಗೆ ಬೇಡ ಅಂತ ಜನ ಅಂದರೆ, ನಾನು ಎಷ್ಟು ಬಾಯಿ ಮುಚ್ಚಲಿ?

ನಗು ಬಂತಾ? ಕಾರವಾರದ ಕಾಲೇಜಲ್ಲಿ ಬಿ.ಎಸ್ಸಿ. ಮಾಡಿದವಳು ನಾನು. ಮೂವತ್ತೊಂದು ವರ್ಷ ಒಂದು ದಿನ ಬಿಡದೆ ಬರೆದಿದ್ದೇನೆ. ಮಗ ಸೊಸೆ ಮಾತಿಗೆ ಮಾತು ಬಂದರೂ ಈ ಡೈರಿ ನೋಡಿಯೇ ತೀರ್ಮಾನ. ಸುಳ್ಳು ಒಂದಕ್ಷರ ಇಲ್ಲ. ಕೇಳು. ‘ಫೆಬ್ರುವರಿ ೮. ಬೀರಿ ಬಂದಿದ್ದಳು. ಬೊಮ್ಮು ಜ್ವರದಿಂದ ಅಂಕೋಲೆಯ ಆಸ್ಪತ್ರೆಯಲ್ಲಿ. ಹದಿನೈದು ದಿನ ಕಾಯಿ ಕೊಯ್ಯಲು ಬರುವುದಿಲ್ಲ. ದೋಟಿ ಇಲ್ಲೇ ಇರಲಿ ಎಂದಳು.’ ನೋಡು, ನಿನ್ನ ಮಾತನ್ನೂ ಬಿಟ್ಟಿಲ್ಲ. ‘ಫೆಬ್ರುವರಿ ೧೧. ನಿನ್ನೆಯವರೆಗೆ ಅಡ್ಡವಿದ್ದ ಎಲೆ ಇಲ್ಲ, ಗೂಡಿಗೆ ಬೆಳಕು ಚೆನ್ನಾಗಿದೆ. ಮರಿಯ ಫೋಟೋ ನಲವತ್ತು...’

ಅಲ್ಲ... ಅದು...

ಗಾಳಿಗೆ ಮುರಿದಿರಬಹುದು, ಬೀರಿ. ಒಣಗಿದ ಟೊಂಗೆ... ಬೈದಾದರೂ ಬೈಯಿ. ದೋಟಿಯ ಆ ಕತ್ತಿ ತಿಕ್ಕಬೇಡ. ಮಾವಿನ ಸೊನೆಯ ಕಲೆ ಹೋಗೂದಿಲ್ಲ. ನಾನೂ ತಿಕ್ಕಿ ನೋಡಿದೆ.

ಒಂದೇ ಟೊಂಗೆ ಅಂದುಕೊಂಡೆ. ತಾರಸಿಯಿಂದ ದೋಟಿ ಚಾಚಿದರೆ ಸಿಗುತ್ತಿತ್ತು. ಎಲೆ ಸರಿದರೆ ಮರಿಯ ಕಣ್ಣು ಕಾಣುತ್ತದೆ ಅಂತ... ಅದಕ್ಕೆ ನೆರಳೂ ಅದೇ, ಕಾಗೆಗೆ ಮರೆಯೂ ಅದೇ ಅಂತ ಬಿ.ಎಸ್ಸಿ. ಮಾಡಿದವಳಿಗೆ ಹೊಳೆಯಲಿಲ್ಲ. ಕಡಿದದ್ದನ್ನು ಮಾತ್ರ ಬರೆಯಲಿಲ್ಲ.

ಏಳಬೇಡ. ಜಯಂತಿಯನ್ನು ಈಗಲೇ ಕರೆಯುತ್ತೇನೆ, ಅವಳೆದುರೇ ಹೇಳುತ್ತೇನೆ. ಬೀರಿ... ದೋಟಿ ಕೆಳಗಿಡು.

ಮೂರು ದಿನ ಮರಿ ಬಿಸಿಲಲ್ಲಿ ಬಾಯಿ ತೆರೆದುಕೊಂಡಿತ್ತು. ನಾಲ್ಕನೇ ದಿನ ಕಾಗೆಗಳು ಒಯ್ದವು. ಗರುಡನ ಜೋಡಿ ಮತ್ತೆ ಈ ಮರಕ್ಕೆ ಬರಲಿಲ್ಲ. ಬೊಮ್ಮುವನ್ನು ಈ ಊರಲ್ಲಿ ಯಾರೂ ಮರ ಹತ್ತಲು ಕರೆಯಲಿಲ್ಲ. ನಾಳೆ ನೀವಿಬ್ಬರೂ ಊರು ಬಿಟ್ಟು ಕಾರವಾರದ ಬಾಡಿಗೆ ಕೋಣೆಗೆ ಹೋಗುತ್ತೀರಿ. ನನ್ನ ಹತ್ತಿರ ಆ ನಲವತ್ತರಲ್ಲಿ ಒಂದು ಫೋಟೋ ಇದೆ. ಮರಿಯ ಕಣ್ಣು ಸ್ಪಷ್ಟವಾಗಿ ಬಂದಿದೆ.